ಗೇಟು, ಗ್ರಿಲ್‌ಗೆ ಮರುಬಣ್ಣ: ಹಪ್ಪಳದ ಹಾಗೆ ಏಳದಂತೆ ಹೊಡೆಯುವುದು ಹೇಗೆ?

"ಹೋದ ದಸರೆಗೆ ತಾನೆ ಪೇಂಟ್ ಹೊಡೆಸಿದ್ದು. ಆಗಲೇ ಗೇಟಿನ ಬಣ್ಣ ಹಪ್ಪಳದ ಹಾಗೆ ಎದ್ದು ಬರ್ತಿದೆ. ಯಾವ ಕಂಪನಿ ಪೇಂಟ್ ತಂದ್ರೆ ಬಾಳಿಕೆ ಬರುತ್ತೆ?" ಮೈಸೂರು, ಮಂಡ್ಯ ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಉತ್ತರ ಕಂಪನಿಯ ಹೆಸರಲ್ಲಿಲ್ಲ. ಎದ್ದು ಬಂದ ಒಂದು ಚಕ್ಕೆಯನ್ನು ಕಿತ್ತು ಮಗುಚಿ ನೋಡಿ. ಹಿಂಬದಿಯಲ್ಲಿ ಕಂದು ಪುಡಿ ಅಂಟಿದ್ದರೆ ತುಕ್ಕಿನ ಮೇಲೆಯೇ ಪೇಂಟ್ ಬಳಿದಿದ್ದಾರೆ. ಹಿಂಬದಿ ನುಣ್ಣಗಿದ್ದು, ಗೇಟಿನ ಮೇಲೆ ಹಳೆಯ ಬಣ್ಣ ಹೊಳೆಯುತ್ತಾ ಹಾಗೇ ಕೂತಿದ್ದರೆ ಹಳೆಯ ಹೊಳಪನ್ನು ಉಜ್ಜದೆ ಹೊಡೆದಿದ್ದಾರೆ. ಬಣ್ಣ ಪೂರಾ ಸುಲಿದು ಕೆಳಗೆ ಬೆಳ್ಳಗಿನ ತಗಡು ಕಂಡರೆ ಅದು ಜಿ.ಐ., ಅಂದರೆ ಸತುವಿನ ಲೇಪ ಇರುವ ಕಬ್ಬಿಣ. ಅದರ ದಾರಿಯೇ ಬೇರೆ, ಮುಂದೆ ಹೇಳುತ್ತೇವೆ. ಈ ಮೂರರಲ್ಲೂ ಡಬ್ಬಿಯೊಳಗಿನ ಪೇಂಟ್‌ನದು ಏನೂ ತಪ್ಪಿಲ್ಲ.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು 10 ಅಡಿ ಅಗಲ, 5 ಅಡಿ ಎತ್ತರದ ಒಂದು ಶೀಟ್ ಗೇಟು ಮತ್ತು ಹತ್ತು ಕಿಟಕಿ ಗ್ರಿಲ್. ಒಬ್ಬರೇ ಮಾಡಿದರೆ ಐದಾರು ದಿನದ ಕೆಲಸ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಉಜ್ಜುವುದರಲ್ಲೇ ಹೋಗುತ್ತದೆ. ಮಹಡಿ ಮೆಟ್ಟಿಲಿನ ರೇಲಿಂಗ್, ತಾರಸಿಯ ಸೋಲಾರ್ ಸ್ಟ್ಯಾಂಡ್‌ಗೂ ಇದೇ ವಿಧಾನ.

ಯಾವ ತಿಂಗಳು, ಯಾವ ಹೊತ್ತು

ನಮ್ಮ ಕಡೆ ಗೇಟಿಗೆ ಬಣ್ಣ ಬೀಳುವುದು ಆಯುಧಪೂಜೆಯ ಹಿಂದಿನ ವಾರ. ಕೆಟ್ಟ ಸಮಯ ಅಂದರೆ ಅದೇ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮೈಸೂರಿಗೆ ಮಳೆ ಜೋರು. ಕಬ್ಬಿಣ ಒಣಗಿದಂತೆ ಕಂಡರೂ ಸಂದುಗಳಲ್ಲಿ ಪಸೆ ಉಳಿದಿರುತ್ತದೆ. ದೀಪಾವಳಿ ಕಳೆದು ಮಳೆ ನಿಂತ ಮೇಲಿಂದ ಯುಗಾದಿಯವರೆಗೆ ಆರಾಮಾಗಿ ಮಾಡಬಹುದು. ಹಬ್ಬಕ್ಕೆ ಗೇಟು ಹೊಳೆಯಲೇಬೇಕು ಅನ್ನುವವರು ಆ ವಾರ ತೊಳೆದು ಒರೆಸಿ, ಗೀಚಿದ ಕಡೆ ಮಾತ್ರ ತೇಪೆ ಹಾಕಿಕೊಳ್ಳಿ. ಪೂರ್ತಿ ಕೆಲಸವನ್ನು ಜನವರಿಗೆ ಇಟ್ಟುಕೊಳ್ಳಿ.

ಜನವರಿಯಲ್ಲೂ ಒಂದು ತೊಡಕಿದೆ. ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಬಯಲಿನ ಊರುಗಳಲ್ಲಿ ಬೆಳಿಗ್ಗೆ ಕಬ್ಬಿಣದ ಮೇಲೆ ಇಬ್ಬನಿ ಕೂತಿರುತ್ತದೆ, ಸಂಜೆ ಮತ್ತೆ ಇಳಿಯುತ್ತದೆ. ಎನಾಮಲ್, ಅಂದರೆ ಕಬ್ಬಿಣಕ್ಕೆ ಹೊಡೆಯುವ ಹೊಳಪಿನ ಪೇಂಟ್, ಮುಟ್ಟಿದರೆ ಅಂಟದಷ್ಟು ಒಣಗಲು 4ರಿಂದ 6 ಗಂಟೆ ಬೇಕು. ಹಾಗಾಗಿ 10 ಗಂಟೆಗೆ ಬ್ರಷ್ ಹಿಡಿದು ಮಧ್ಯಾಹ್ನ 1 ಗಂಟೆಯ ಸುಮಾರಿಗೆ ಕೆಳಗಿಡಬೇಕು. ಸಂಜೆ 4ಕ್ಕೆ ಹೊಡೆದ ಗೇಟು ಬೆಳಿಗ್ಗೆ ನೋಡಿದರೆ ಹೊಳಪು ಸತ್ತು ಮಂಕಾಗಿರುತ್ತದೆ. ಇನ್ನು ಮಾರ್ಚ್, ಏಪ್ರಿಲ್‌ನ ಬಿಸಿಲಿನಲ್ಲಿ ಕಾದ ಶೀಟ್‌ಗೆ ಹೊಡೆಯಬಾರದು. ಅಂಗೈ ಇಟ್ಟು ಹತ್ತು ಎಣಿಸುವಷ್ಟು ಹೊತ್ತು ತಡೆದುಕೊಳ್ಳಲು ಆಗದಿದ್ದರೆ ಅದು ಪೇಂಟ್‌ಗೆ ಹೆಚ್ಚಾದ ಬಿಸಿ: ಪೇಂಟ್ ತೆಳುವಾಗಿಸಲು ಬೆರೆಸುವ ಟರ್ಪೆಂಟೈನ್ ಕ್ಷಣದಲ್ಲಿ ಹಾರಿಹೋಗಿ ಬ್ರಷ್ ಎಳೆಯತೊಡಗುತ್ತದೆ, ಮೇಲ್ಪದರ ಮಾತ್ರ ಗಟ್ಟಿಯಾಗಿ ಸುಕ್ಕು ಬೀಳುತ್ತದೆ. ನೆರಳು ಬಿದ್ದ ಬದಿಯನ್ನು ಮೊದಲು ಹಿಡಿಯಿರಿ.

ಮಂಡ್ಯದ ಹಳ್ಳಿಗಳವರಿಗೆ ಇನ್ನೊಂದು ಮಾತು. ಹತ್ತಿರದಲ್ಲಿ ಆಲೆಮನೆ ಉರಿಯುತ್ತಿದ್ದರೆ, ಗದ್ದೆಯಲ್ಲಿ ಕಬ್ಬಿನ ತರಗು ಸುಡುತ್ತಿದ್ದರೆ ಗಾಳಿ ಯಾವ ಕಡೆಗಿದೆ ನೋಡಿಕೊಂಡು ಶುರುಮಾಡಿ. ಹಸಿ ಪೇಂಟ್ ಮೇಲೆ ಕೂತ ಕರಿ ಬೂದಿಯನ್ನು ಒರೆಸಲು ಹೋದರೆ ಪಟ್ಟೆ ಪಟ್ಟೆಯಾಗುತ್ತದೆ.

ಏನೇನು, ಎಷ್ಟೆಷ್ಟು

ಒಂದು ಲೀಟರ್ ಎನಾಮಲ್ ಬ್ರಷ್‌ನಲ್ಲಿ ಹೊಡೆದರೆ ಒಂದು ಕೋಟ್‌ಗೆ ಸುಮಾರು 100 ಚದರಡಿ ಬರುತ್ತದೆ ಎಂದು ಹಿಡಿಯಿರಿ. ಗೇಟು 10 × 5, ಎರಡು ಬದಿ ಸೇರಿ 100 ಚದರಡಿ. ಚೌಕಟ್ಟಿಗೆ ಇನ್ನೊಂದು 15. ಗ್ರಿಲ್ ಲೆಕ್ಕದಲ್ಲಿ ಜನ ಎಡವುತ್ತಾರೆ. 12 ಮಿ.ಮೀ. ಚೌಕ ಸರಳಿನ ನಾಲ್ಕೂ ಮುಖ ಸೇರಿದರೆ ಒಂದು ಅಡಿ ಉದ್ದಕ್ಕೆ 0.16 ಚದರಡಿ. 4 × 4 ಅಡಿಯ ಸಾಧಾರಣ ಗ್ರಿಲ್‌ನಲ್ಲಿ ಅಡ್ಡ ಉದ್ದ ಸೇರಿ ಸುಮಾರು 60 ಅಡಿ ಸರಳಿರುತ್ತದೆ, ಅಂದರೆ 10 ಚದರಡಿಗೆ ಸ್ವಲ್ಪ ಕಡಿಮೆ. ಹತ್ತು ಗ್ರಿಲ್‌ಗೆ 100. ಗುತ್ತಿಗೆಯವರು ಕೂಲಿಗೆ ಅಳೆಯುವಾಗ ಕಿಟಕಿಯ ಇಡೀ ಚೌಕವನ್ನೇ 16 ಚದರಡಿ ಎಂದು ಹಿಡಿಯುವುದು ವಾಡಿಕೆ. ಸಂದುಗೊಂದಿಯ ಕೆಲಸಕ್ಕೆ ಆ ಕೂಲಿ ನ್ಯಾಯವೇ. ಆದರೆ ಪೇಂಟ್ ಕೊಳ್ಳುವಾಗ ಆ ಲೆಕ್ಕ ಹಿಡಿದರೆ ಲೀಟರಿಗೂ ಹೆಚ್ಚು ಉಳಿಯುತ್ತದೆ.

ಒಟ್ಟು 215 ಚದರಡಿ, ಎರಡು ಕೋಟ್. ಎನಾಮಲ್ 4 ಲೀಟರಿನ ಡಬ್ಬಿ ಒಂದು, 1 ಲೀಟರಿನದು ಒಂದು. ಪೂರ್ತಿ ಉಜ್ಜಿ ಪ್ರೈಮರ್ (ಎನಾಮಲ್‌ಗೆ ಮುಂಚೆ ಬಳಿಯುವ ಅಡಿಪದರ) ಹೊಡೆಯುವುದಾದರೆ ಅದು ಎರಡೂವರೆ ಲೀಟರ್, ತುಕ್ಕಿದ್ದ ಕಡೆಗಷ್ಟೇ ಆದರೆ 1 ಲೀಟರ್ ಸಾಕು. ಟರ್ಪೆಂಟೈನ್ 2 ಲೀಟರ್. ಅಂಗಡಿಯಲ್ಲಿ ಬರೀ "ಥಿನ್ನರ್ ಕೊಡಿ" ಅನ್ನಬೇಡಿ, ಎನ್.ಸಿ. ಥಿನ್ನರ್ ಕೊಟ್ಟುಬಿಡುತ್ತಾರೆ. ಅದು ಮರದ ಲ್ಯಾಕರ್‌ಗೆ, ಸ್ಪ್ರೇ ಕೆಲಸಕ್ಕೆ ಇರುವುದು. ಎನಾಮಲ್‌ಗೆ ಬೆರೆಸಿದರೆ ಕೆಳಗಿನ ಕೋಟನ್ನೇ ಕರಗಿಸಿ ಎಬ್ಬಿಸುತ್ತದೆ.

ಎಮರಿ ಕಾಗದ 80 ನಂಬರ್ 8 ಹಾಳೆ, 120 ನಂಬರ್ 6 ಹಾಳೆ, ನೀರು ಹಾಕಿ ಉಜ್ಜುವ 220 ನಂಬರ್ ವಾಟರ್ ಪೇಪರ್ 8 ಹಾಳೆ. ನಂಬರ್ ಚಿಕ್ಕದಾದಷ್ಟೂ ಕಾಗದ ಒರಟು. ದುಂಡು ಸರಳಿದ್ದರೆ ಬಟ್ಟೆ ಬೆನ್ನಿನ ಎಮರಿ ಒಂದು ಮೀಟರ್. ವೈರ್ ಬ್ರಷ್ ಎರಡು, ಒಂದು ಪುಟ್ಟಿ ಬ್ಲೇಡ್, 1 ಮತ್ತು 2 ಇಂಚಿನ ಬ್ರಷ್‌ಗಳು, ಶೀಟ್‌ಗೆ 4 ಇಂಚಿನ ಫೋಮ್ ರೋಲರ್, ಕಬ್ಬಿಣಕ್ಕೆ ಹಾಕುವ ಪುಟ್ಟಿ ಅರ್ಧ ಕೆ.ಜಿ., ಮಾಸ್ಕಿಂಗ್ ಟೇಪ್, ಕೈಗವಸು, ಕನ್ನಡಕ, ಎನ್95 ಮಾಸ್ಕ್.

ಬ್ರಷ್‌ನಲ್ಲಿ ಮಾತ್ರ ಜಿಪುಣತನ ಬೇಡ. ಅಗ್ಗದ ಬ್ರಷ್ ಕೂದಲು ಉದುರಿಸುತ್ತದೆ, ಒಣಗಿದ ಎನಾಮಲ್‌ನಿಂದ ಆ ಕೂದಲು ಕೀಳುವ ಹೊತ್ತಿಗೆ ಸಾಕುಸಾಕಾಗುತ್ತದೆ. ಹೊಸ ಬ್ರಷ್ಷನ್ನು ಅಂಗೈ ಮೇಲೆ ನಾಲ್ಕು ಸಲ ಬಡಿದು, ತೊಳೆದು, ಒಣಗಿಸಿಯೇ ಬಳಸಿ.

ಪೇಂಟ್ ಆಯ್ಕೆ: ಹೊರಗಿನ ಗೇಟಿಗೆ ಎಣ್ಣೆ ಆಧಾರದ ಸಿಂಥೆಟಿಕ್ ಎನಾಮಲ್, ಹೊಳಪಿನ (ಗ್ಲಾಸಿ) ಮುಗಿತಾಯ. ಕೈಗೆ ಹಣ ಆಡಿದರೆ ಪಿ.ಯು. (ಪಾಲಿಯುರಿಥೇನ್) ಎನಾಮಲ್, ಬಿಸಿಲಿಗೆ ಹೊಳಪು ಹೆಚ್ಚು ದಿನ ಉಳಿಯುತ್ತದೆ. ಮನೆಯೊಳಗಿನ ಗ್ರಿಲ್‌ಗೆ ಬಿಳಿ ಸಿಂಥೆಟಿಕ್ ಎನಾಮಲ್ ಹೊಡೆದರೆ ಬೆಳಕು ಕಡಿಮೆ ಇರುವ ಕಡೆ ಒಂದೆರಡು ವರ್ಷದಲ್ಲಿ ಹಳದಿಗೆ ತಿರುಗುತ್ತದೆ. ಅಲ್ಲಿ ನೀರು ಆಧಾರದ ಎನಾಮಲ್ ವಾಸಿ, ವಾಸನೆಯೂ ಕಡಿಮೆ. ಬ್ರ್ಯಾಂಡ್ ನಿಮ್ಮಿಷ್ಟ. ಮತದಾನದ ಶಾಯಿಗೆ ದೇಶವಿಡೀ ಹೆಸರಾದ ನಮ್ಮ ಬನ್ನಿಮಂಟಪದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ 1937ರಲ್ಲಿ ಶುರುವಾದದ್ದು ಅರಗು ಮತ್ತು ಪೇಂಟ್ ಕಾರ್ಖಾನೆಯಾಗಿ, ಶಾಯಿ ಬಂದದ್ದು 1962ರ ಚುನಾವಣೆಗೆ. ಊರಲ್ಲೇ ಪೇಂಟ್ ಆಗುತ್ತದೆ ಎಂಬುದು ಎಷ್ಟೋ ಮೈಸೂರಿನವರಿಗೇ ಗೊತ್ತಿಲ್ಲ.

ಪ್ರೈಮರ್ ವಿಚಾರದಲ್ಲಿ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಲೇಬೇಕು. "ರೆಡ್ ಆಕ್ಸೈಡ್" ಎಂಬುದು ಬಣ್ಣದ ಹೆಸರು, ಅಷ್ಟೇ. ಹಳೆ ಮನೆಗಳ ಕಾವಿ ನೆಲದಲ್ಲಿರುವುದೂ ಅದೇ ಕಬ್ಬಿಣದ ಆಕ್ಸೈಡ್. ತುಕ್ಕು ತಡೆಯುವ ಕೆಲಸ ಮಾಡುವುದು ಜೊತೆಗೆ ಬೆರೆಸಿರುವ ಜಿಂಕ್ ಕ್ರೋಮೇಟ್ ಅಥವಾ ಜಿಂಕ್ ಫಾಸ್ಫೇಟ್. ಎರಡೂ ಇಲ್ಲದ ಅಗ್ಗದ ರೆಡ್ ಆಕ್ಸೈಡ್ ಬರೀ ಕೆಂಪು ಬಣ್ಣ. ಕ್ರೋಮೇಟ್‌ನ ಧೂಳು ಕ್ಯಾನ್ಸರ್‌ಕಾರಕ, ಹಾಗಾಗಿ ಸಿಕ್ಕರೆ ಜಿಂಕ್ ಫಾಸ್ಫೇಟ್ ಇರುವುದನ್ನೇ ತನ್ನಿ. ಮೇಲಿನ ಬಣ್ಣ ಬಿಳಿ, ಕ್ರೀಮ್‌ನಂಥ ತಿಳಿ ಬಣ್ಣವಾದರೆ ಬೂದು ಪ್ರೈಮರ್ ಕೇಳಿ. ಕೆಂಪಿನ ಮೇಲೆ ಬಿಳಿ ಹೊಡೆದರೆ ಮೂರನೇ ಕೋಟ್ ಬೇಕಾಗುತ್ತದೆ.

ಉಜ್ಜುವ ಮುಂಚೆ: ಸೀಸದ ಎಚ್ಚರಿಕೆ

ಗೃಹಬಳಕೆಯ ಪೇಂಟ್‌ನಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂಬ ಕೇಂದ್ರದ ನಿಯಮ 2016ರಲ್ಲಿ ಬಂತು, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ನಿಮ್ಮ ಗೇಟಿನ ಬಣ್ಣ ಅದಕ್ಕಿಂತ ಹಳೆಯದಾದರೆ, ಅದರಲ್ಲೂ ಹಳದಿ, ಕಿತ್ತಳೆ, ಕೆಂಪು, ಹಸಿರು ಎನಾಮಲ್ ಆದರೆ, ಸೀಸ ಇದೆ ಎಂದೇ ತಿಳಿದು ಕೆಲಸ ಮಾಡಿ. ಅಂಥ ಬಣ್ಣವನ್ನು ಗ್ರೈಂಡರ್‌ನಲ್ಲಿ ಧೂಳೆಬ್ಬಿಸಬೇಡಿ, ಬೆಂಕಿ ಹಿಡಿದು ಸುಡಬೇಡಿ. ನೀರು ಚಿಮುಕಿಸುತ್ತಾ ಉಜ್ಜಿ. ಕೆಳಗೆ ಹಳೆ ಬೆಡ್‌ಶೀಟ್ ಹಾಸಿ, ಬಿದ್ದದ್ದನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಬಳಿದು ಕವರ್‌ಗೆ ಕಟ್ಟಿ. ಮಕ್ಕಳು, ಬಸುರಿಯರು ಆ ಕಡೆ ಸುಳಿಯಬಾರದು. ಕೈ ತೊಳೆಯದೆ ಎಲೆ ಅಡಿಕೆ, ಬೀಡಿ, ಕಾಫಿ ಯಾವುದೂ ಬೇಡ.

ಹಂತ 1: ತೊಳೆಯಿರಿ

ಉಜ್ಜುವುದಕ್ಕೆ ಮೊದಲೇ ತೊಳೆಯಬೇಕು. ಜಿಡ್ಡಿನ ಮೇಲೆ ಎಮರಿ ಆಡಿಸಿದರೆ ಜಿಡ್ಡು ಗೀರುಗಳೊಳಗೆ ಇಳಿದು ಕೂರುತ್ತದೆ. ಗೇಟಿನ ಕೀಲಿನ ಸುತ್ತ ಗ್ರೀಸ್, ಅಡುಗೆಮನೆ ಗ್ರಿಲ್‌ನಲ್ಲಿ ಒಗ್ಗರಣೆಯ ಪಸೆ, ಮುಂಬಾಗಿಲ ಗ್ರಿಲ್‌ನಲ್ಲಿ ವರ್ಷಗಟ್ಟಲೆಯ ಕುಂಕುಮ, ಎಣ್ಣೆ, ಕರ್ಪೂರದ ಮಸಿ: ಪೇಂಟ್ ಮೊದಲು ಬಿಡುವುದು ಈ ಜಾಗಗಳಲ್ಲೇ. ಗ್ರೀಸನ್ನು ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ, ಆಮೇಲೆ ಬಕೆಟ್ ಬಿಸಿನೀರಿಗೆ ಎರಡು ಚಮಚ ಬಟ್ಟೆ ಸೋಪಿನ ಪುಡಿ ಹಾಕಿ ಉಜ್ಜಿ ತೊಳೆಯಿರಿ. ಕೊನೆಗೆ ಎರಡು ಸಲ ಬರೀ ನೀರು. ಬೋರ್‌ವೆಲ್ ನೀರು ಗಡಸಾಗಿದ್ದರೆ ಕಡೆಯ ಸಲಕ್ಕೆ ನಲ್ಲಿ ನೀರು ಬಳಸಿ ಬಟ್ಟೆಯಿಂದ ಒರೆಸಿಬಿಡಿ. ಪೇಂಟ್ ಕೆಳಗೆ ಉಳಿದ ಉಪ್ಪು ಮಳೆಗಾಲದಲ್ಲಿ ತೇವ ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ.

ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಒರೆಸಿದರೆ "ಫಳಫಳ ಅನ್ನುತ್ತೆ" ಅನ್ನುವವರಿದ್ದಾರೆ. ಫಳಫಳ ಅನ್ನುವುದು ಉಳಿದುಕೊಂಡ ಎಣ್ಣೆ. ಅದರ ಮೇಲೆ ಪ್ರೈಮರ್ ಹಿಡಿಯುವುದಿಲ್ಲ.

ಹಂತ 2: ತುಕ್ಕು ತೆಗೆಯಿರಿ

ಕೆಲಸದ ಜೀವ ಇರುವುದು ಇಲ್ಲಿ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ. ಹಾಗಾಗಿ ಪೇಂಟ್ ಅಡಿ ಬಿಟ್ಟ ತುಕ್ಕು ಉಬ್ಬಿ ಪದರವನ್ನು ಮೇಲಕ್ಕೆ ತಳ್ಳುತ್ತದೆ. ಎಷ್ಟು ಕೋಟ್ ಹೊಡೆದರೂ ಅದನ್ನು ಒತ್ತಿ ಹಿಡಿಯಲು ಆಗುವುದಿಲ್ಲ.

ಮೊದಲು ಪುಟ್ಟಿ ಬ್ಲೇಡಿನ ಮೂಲೆಯಿಂದ ಎದ್ದ ಚಕ್ಕೆಗಳನ್ನೆಲ್ಲ ಎಬ್ಬಿಸಿ. ಅಂಚಿನಲ್ಲಿ ಬ್ಲೇಡ್ ತೂರಿಸಿದರೂ ಏಳದೆ ಗಟ್ಟಿಯಾಗಿ ಕಚ್ಚಿಕೊಂಡಿರುವ ಹಳೆ ಬಣ್ಣವನ್ನು ಕೀಳಬೇಕಾಗಿಲ್ಲ. ಆಮೇಲೆ ವೈರ್ ಬ್ರಷ್, ಅದಾದ ಮೇಲೆ 80 ನಂಬರ್ ಎಮರಿ, ಕೊನೆಗೆ 120. ಎಲ್ಲಿಯವರೆಗೆ? ಬಿಳಿ ಬಟ್ಟೆಯಲ್ಲಿ ಒತ್ತಿ ಒರೆಸಿದಾಗ ಕಂದು ಪುಡಿ ಬರದಿರುವವರೆಗೆ. ಗುಂಡಿಗಳೊಳಗೆ ಕಪ್ಪು ಚುಕ್ಕೆಯಾಗಿ ಅಂಟಿ ಕೂತ ತುಕ್ಕು ಇದ್ದರೆ ಇರಲಿ, ಪುಡಿಯಾಗಿ ಉದುರುವ ತುಕ್ಕು ಮಾತ್ರ ಇರಬಾರದು. ಹಳೆ ಬಣ್ಣ ಮತ್ತು ಬೆತ್ತಲೆ ಕಬ್ಬಿಣ ಸೇರುವ ಅಂಚನ್ನು ಬೆರಳಿಗೆ ಮೆಟ್ಟಿಲು ತಗುಲದಂತೆ ಇಳಿಜಾರಾಗಿ ಉಜ್ಜಿ. ತುಕ್ಕಿಲ್ಲದ ಕಡೆಯೂ ಹಳೆಯ ಹೊಳಪು ಸಾಯುವ ತನಕ 220ರಲ್ಲಿ ನೀರು ಹಾಕಿ ಉಜ್ಜಬೇಕು. ಹೊಳಪಿನ ಮೇಲೆ ಹೊಸ ಎನಾಮಲ್‌ಗೆ ಕಾಲೂರಲು ಜಾಗವಿಲ್ಲ.

ಹಳೆ ಮನೆಗಳ ಮರದ ಚೌಕಟ್ಟಿನ ಕಿಟಕಿಗಳಲ್ಲಿ ದುಂಡು ಸರಳುಗಳಿರುತ್ತವೆ. ಅವಕ್ಕೆ ಬಟ್ಟೆ ಎಮರಿಯನ್ನು ಒಂದಿಂಚು ಅಗಲದ ಪಟ್ಟಿಯಾಗಿ ಹರಿದು, ಸರಳಿಗೆ ಒಂದು ಸುತ್ತು ಹಾಕಿ, ಮೊಸರು ಕಡೆಯುವ ಹಗ್ಗದ ಹಾಗೆ ಎರಡೂ ಕೈಯಲ್ಲಿ ಎಳೆದಾಡಿ. ಹತ್ತು ಎಳೆತಕ್ಕೆ ಸುತ್ತಲೂ ಬೆಳ್ಳಗಾಗುತ್ತದೆ. ಸರಳು ಕೆಳಚೌಕಟ್ಟಿಗೆ ಇಳಿಯುವ ಬುಡವನ್ನು ವಿಶೇಷವಾಗಿ ನೋಡಿ. ಮಳೆ ನೀರು ಸರಳಿನ ಮೇಲೆ ಇಳಿದು ನಿಲ್ಲುವುದು ಅಲ್ಲೇ, ಸರಳು ಸವೆದು ಸಣ್ಣಗಾಗುವುದೂ ಅಲ್ಲೇ. ಚೂಪು ಮೊಳೆಯಿಂದ ಕೆದಕಿ ಕಸ ತೆಗೆಯಿರಿ.

ಗೇಟಿನಲ್ಲಿ ಅಂಥ ಜಾಗ ತಳದ ಪಟ್ಟಿ. ಬಾಯಿ ಮೇಲಕ್ಕೆ ಮಾಡಿದ ಚಾನೆಲ್ ಆದರೆ ಅದರಲ್ಲಿ ನೀರು, ಎಲೆ, ಮಣ್ಣು ತುಂಬಿ ಒಳಗಿಂದ ತಿನ್ನುತ್ತದೆ. ಎರಡು ತುದಿಗೂ ನಡುವಿಗೂ 6 ಮಿ.ಮೀ. ತೂತು ಕೊರೆದು ನೀರಿಗೆ ದಾರಿ ಮಾಡಿ. ಈ ಮೂರು ತೂತು ಕೊಡುವ ಆಯುಷ್ಯವನ್ನು ಯಾವ ದುಬಾರಿ ಪೇಂಟೂ ಕೊಡದು. ಪೈಪಿನ ಗೇಟಿನಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಟಣ್ ಅನ್ನದೆ ದಬ್ ಅಂದರೆ, ಅಥವಾ ಒತ್ತಿದಾಗ ತಗ್ಗಿದರೆ, ಅದು ಪೇಂಟರ್ ಕೆಲಸವಲ್ಲ. ವೆಲ್ಡಿಂಗ್‌ನವರನ್ನು ಕರೆಸಿ ತುಂಡು ಬದಲಿಸಿ, ಆಮೇಲೆ ಮುಂದುವರಿಯಿರಿ. ಹೊಸ ವೆಲ್ಡಿಂಗ್ ಮೇಲಿನ ಕರಿ ಹೊಪ್ಪಳೆಯನ್ನು ಸುತ್ತಿಗೆಯಿಂದ ತಟ್ಟಿ ಉದುರಿಸಲೇಬೇಕು.

ಹಳೆ ಬಣ್ಣದಲ್ಲಿ ಸೀಸದ ಅನುಮಾನ ಇಲ್ಲದಿದ್ದರೆ ಗ್ರೈಂಡರ್‌ಗೆ ಕಪ್ ಬ್ರಷ್ ಹಾಕಬಹುದು, ಕೆಲಸ ಬೇಗ. ಆದರೆ ತಂತಿ ಮುರಿದು ಹಾರುತ್ತದೆ, ಕನ್ನಡಕ ಇಲ್ಲದೆ ಮುಟ್ಟಬೇಡಿ. ತೆಳು ಶೀಟ್ ಮೇಲೆ ಒಂದೇ ಕಡೆ ಹಿಡಿದರೆ ಶೀಟೇ ಸವೆಯುತ್ತದೆ. ಕಿಡಿ ಕಿಟಕಿ ಗಾಜಿಗೆ ಬಿದ್ದರೆ ಗಾಜಿನಲ್ಲಿ ಕಪ್ಪು ಚುಕ್ಕೆ ಕಚ್ಚಿಕೊಳ್ಳುತ್ತದೆ, ತೆಗೆಯಲಾಗದು. ಕಬ್ಬಿಣದ ಪುಡಿ ಅಂಗಳದ ಟೈಲ್ಸ್ ಮೇಲೆ ರಾತ್ರಿ ಉಳಿದು ಇಬ್ಬನಿ ಬಿದ್ದರೆ ಬೆಳಿಗ್ಗೆ ಕಂದು ಕಲೆ ಸಿದ್ಧ.

ಕೈ ಹೋಗದ ಹೂಬಳ್ಳಿ ಡಿಸೈನಿನ ಸಂದುಗಳಿಗೆ ತುಕ್ಕು ಪರಿವರ್ತಕ ದ್ರಾವಣ ಬಳಸಬಹುದು. ಅದರಲ್ಲಿರುವ ಫಾಸ್ಫಾರಿಕ್ ಅಥವಾ ಟ್ಯಾನಿಕ್ ಆಮ್ಲ ತೆಳು ತುಕ್ಕನ್ನು ಕಪ್ಪು ಪದರವಾಗಿ ಬದಲಿಸುತ್ತದೆ. ಚಕ್ಕೆ ಚಕ್ಕೆ ಎದ್ದ ತುಕ್ಕಿಗೆ ಸುರಿದರೆ ಮೇಲೆ ಮಾತ್ರ ಕಪ್ಪಾಗಿ ಒಳಗೆ ಹಾಗೇ ಉಳಿಯುತ್ತದೆ. ಕೆಲವು ಬಗೆಯವನ್ನು ಆಮೇಲೆ ನೀರಿನಲ್ಲಿ ತೊಳೆಯಬೇಕು, ಕೆಲವನ್ನು ತೊಳೆಯಬಾರದು, ಡಬ್ಬಿ ಓದಿ.

ಒಂದು ದಿನಕ್ಕೆ ಎಷ್ಟು ಉಜ್ಜಬೇಕು? ಅದೇ ದಿನ ಪ್ರೈಮರ್ ಹೊಡೆದು ಮುಗಿಸುವಷ್ಟು ಮಾತ್ರ. ಬೆತ್ತಲೆ ಕಬ್ಬಿಣ ಒಂದು ರಾತ್ರಿ ಇಬ್ಬನಿಗೆ ಸಿಕ್ಕರೆ ಬೆಳಿಗ್ಗೆ ಅರಿಶಿನ ಬಳಿದಂತೆ ತೆಳು ತುಕ್ಕು ಬಂದಿರುತ್ತದೆ. ಇವತ್ತು ಗೇಟಿನ ಒಂದು ಬಾಗಿಲು, ನಾಳೆ ಇನ್ನೊಂದು, ಹೀಗೆ ಹಂಚಿಕೊಳ್ಳಿ.

ಜಿ.ಐ. ಆದರೆ

ಉಜ್ಜಿದಾಗ ಕಂದು ಇಲ್ಲದೆ ಬೂದು ಬೆಳ್ಳಿ ಬಣ್ಣ ಬಂದರೆ, ಹರಳು ಹರಳಾದ ನಕ್ಷೆ ಕಂಡರೆ ಅದು ಜಿ.ಐ. ಅಯಸ್ಕಾಂತ ಹಿಡಿದು ಪರೀಕ್ಷೆ ಮಾಡಿ ಪ್ರಯೋಜನವಿಲ್ಲ, ಎರಡಕ್ಕೂ ಅಂಟುತ್ತದೆ. ಸಾಮಾನ್ಯ ರೆಡ್ ಆಕ್ಸೈಡ್, ಎನಾಮಲ್ ಎರಡರಲ್ಲೂ ಇರುವ ಎಣ್ಣೆಯ ಅಂಶ ಸತುವಿನೊಂದಿಗೆ ಸೇರಿ ಸಾಬೂನಿನಂಥ ಪದರವಾಗುತ್ತದೆ. ಆರು ತಿಂಗಳಲ್ಲಿ ಹಾಳೆ ಹಾಳೆಯಾಗಿ ಸುಲಿಯುವುದು ಅದಕ್ಕೇ. ಇದಕ್ಕೆ ಎಚ್ ಪ್ರೈಮರ್ (Etch Primer) ಎಂದೇ ಕೇಳಿ. ಎರಡು ಡಬ್ಬಿಯಲ್ಲಿ ಬರುತ್ತದೆ, ಬೆರೆಸಿ ತೆಳುವಾಗಿ ಒಂದೇ ಕೋಟ್. ಬೆರೆಸಿದ್ದನ್ನು ಅದೇ ದಿನ ಮುಗಿಸಬೇಕು. ಸತು ಹೊಳೆಯುತ್ತಿರುವ ಕಡೆ 80 ನಂಬರ್‌ನಲ್ಲಿ ಉಜ್ಜಿ ಸತುವನ್ನೇ ಕಿತ್ತುಬಿಡಬೇಡಿ, 220ರಲ್ಲಿ ಸವರಿದರೆ ಸಾಕು.

ಹಂತ 3: ಮುಚ್ಚಿಡಿ

ಗಾಜು, ಮರದ ಚೌಕಟ್ಟು, ಗೋಡೆಯ ಅಂಚಿಗೆ ಮಾಸ್ಕಿಂಗ್ ಟೇಪ್. ಸೊಳ್ಳೆ ಪರದೆ ಬಿಚ್ಚಿಡಿ. ಬೀಗದ ತೂತು, ಚಿಲಕ ಜಾರುವ ಭಾಗ, ಕೀಲಿನ ಗೂಟ, ತಳ್ಳು ಗೇಟಾದರೆ ಚಕ್ರ: ಇವಕ್ಕೆ ಪೇಂಟ್ ತಾಗಬಾರದು. ಟೇಪನ್ನು ಕಡೆಯ ಕೋಟ್ ಇನ್ನೂ ಅರೆಹಸಿ ಇರುವಾಗಲೇ ಎಳೆಯಿರಿ, ಪೂರ್ತಿ ಒಣಗಿದ ಮೇಲೆ ಎಳೆದರೆ ಪೇಂಟೂ ಜೊತೆಗೆ ಬರುತ್ತದೆ.

ಹಂತ 4: ಅಂಚಿಗೆ ಮೊದಲು, ಆಮೇಲೆ ಪೂರ್ತಿ ಪ್ರೈಮರ್

ಚೂಪು ಅಂಚಿನಲ್ಲಿ ಹಸಿ ಪೇಂಟ್ ನಿಲ್ಲುವುದಿಲ್ಲ, ಎರಡೂ ಬದಿಗೆ ಸರಿದುಹೋಗುತ್ತದೆ. ತುಕ್ಕು ಯಾವಾಗಲೂ ಅಂಚಿನಿಂದ, ವೆಲ್ಡಿಂಗ್‌ನಿಂದ ಶುರುವಾಗುವುದು ಅದಕ್ಕೇ. 1 ಇಂಚಿನ ಬ್ರಷ್‌ನಲ್ಲಿ ಎಲ್ಲ ಅಂಚು, ವೆಲ್ಡಿಂಗ್ ಗಂಟು, ಸರಳು ಸೇರುವ ಮೂಲೆಗಳಿಗೆ ಮೊದಲು ಒಂದು ಸಲ ಪ್ರೈಮರ್ ಕೊಡಿ. ಅದು ಅಂಟದಷ್ಟು ಒಣಗಿದ ಮೇಲೆ ಪೂರ್ತಿ ಕೋಟ್ ಹೊಡೆಯಿರಿ. ಒಂದು ಗಂಟೆ ಹೆಚ್ಚು ಹಿಡಿಯುತ್ತದೆ, ಹಾಗಾಗಿ ಕೂಲಿಗೆ ಬಂದವರು ಇದನ್ನು ಮಾಡುವುದು ಅಪರೂಪ. ಕೇಳಿ ಮಾಡಿಸಿ.

ಪ್ರೈಮರ್ ಡಬ್ಬಿಯ ತಳದಲ್ಲಿ ಗಟ್ಟಿ ಮಡ್ಡಿ ಕೂತಿರುತ್ತದೆ. ತುಕ್ಕು ತಡೆಯುವ ಪುಡಿ ಇರುವುದು ಅದರಲ್ಲೇ. ಚಪ್ಪಟೆ ಕಡ್ಡಿಯಿಂದ ತಳ ಕೆರೆದು, ಕಡ್ಡಿಗೆ ಗಂಟು ಸಿಗದಿರುವ ತನಕ ಕದಡಿ. ಲೀಟರಿಗೆ 100 ಮಿ.ಲೀ. ಮೀರದಂತೆ ಟರ್ಪೆಂಟೈನ್. ತೆಳ್ಳಗೆ, ಒಂದೇ ಸಮ. ಮರುದಿನದವರೆಗೆ ಬಿಡಿ. ಹಾಗೆಂದು ಪ್ರೈಮರ್ ಮಾತ್ರ ಹೊಡೆದು ವಾರಗಟ್ಟಲೆ ಬಿಡಬೇಡಿ, ಅದು ನೀರು ತಡೆಯುವ ಪದರವಲ್ಲ. "ಸದ್ಯಕ್ಕೆ ರೆಡ್ ಆಕ್ಸೈಡ್ ಇರಲಿ" ಎಂದು ಒಂದು ಮಳೆಗಾಲ ಕಳೆದ ಗೇಟನ್ನು ಮತ್ತೆ ಮೊದಲಿಂದ ಉಜ್ಜಬೇಕು.

ಹಂತ 5: ಗುಂಡಿಗೆ ಪುಟ್ಟಿ

ಪುಟ್ಟಿ ಹಾಕುವುದು ಪ್ರೈಮರ್ ಒಣಗಿದ ಮೇಲೆ, ಬರೀ ಕಬ್ಬಿಣಕ್ಕಲ್ಲ. ಗೋಡೆಯ ಪುಟ್ಟಿ ಉಳಿದಿದೆ ಎಂದು ಅದನ್ನೇ ಮೆತ್ತಬೇಡಿ, ಅದು ನೀರು ಹೀರುತ್ತದೆ. ತೆಳ್ಳಗೆ ಎಳೆದು, ಒಣಗಿದ ಮೇಲೆ 220ರಲ್ಲಿ ಸಮ ಮಾಡಿ, ಆ ಜಾಗಕ್ಕಷ್ಟೇ ಮತ್ತೆ ಪ್ರೈಮರ್ ಮುಟ್ಟಿಸಿ. ಗ್ರಿಲ್‌ಗೆ ಪುಟ್ಟಿಯೇ ಬೇಡ, ಯಾರೂ ಅಷ್ಟು ಹತ್ತಿರದಿಂದ ನೋಡುವುದಿಲ್ಲ.

ಹಂತ 6: ಮೊದಲ ಎನಾಮಲ್ ಕೋಟ್

ಪ್ರೈಮರ್ ಮೇಲೆ 220 ಕಾಗದ ಹಗುರಾಗಿ ಆಡಿಸಿ, ಮಾಸ್ಕ್ ಮರೆಯದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ. ಎನಾಮಲ್ ಡಬ್ಬಿಯ ಮೇಲೆ ಕೆನೆ ಕಟ್ಟಿದ್ದರೆ ಕದಡಬೇಡಿ, ಅಂಚು ಬಿಡಿಸಿ ಇಡಿಯಾಗಿ ಎತ್ತಿ ಬಿಸಾಡಿ. ಉಳಿದದ್ದನ್ನು ಹಳೆ ಪಂಚೆ ಬಟ್ಟೆಯಲ್ಲಿ ಸೋಸಿ. ಅರ್ಧ ಲೀಟರಿನಷ್ಟನ್ನು ಬೇರೆ ಡಬ್ಬಿಗೆ ಬಗ್ಗಿಸಿಕೊಂಡು ಅದರಲ್ಲೇ ಬ್ರಷ್ ಅದ್ದಿ. ದೊಡ್ಡ ಡಬ್ಬಿಗೇ ಅದ್ದಿದರೆ ಸಂಜೆಯ ಹೊತ್ತಿಗೆ ಪೂರಾ ಕಸ. ಮೊದಲ ಕೋಟ್‌ಗೆ ಲೀಟರಿಗೆ 100 ಮಿ.ಲೀ., ಎರಡನೆಯದಕ್ಕೆ 50 ಮಿ.ಲೀ. ಟರ್ಪೆಂಟೈನ್ ಸಾಕು.

ಬ್ರಷ್ ಕೂದಲಿನ ಮೂರನೇ ಒಂದು ಭಾಗ ಮಾತ್ರ ಅದ್ದಿ ಡಬ್ಬಿಯ ಒಳಗೋಡೆಗೆ ತಟ್ಟಿ. ಗ್ರಿಲ್‌ನಲ್ಲಿ ಮೊದಲು ಮೂಲೆ ಮತ್ತು ಡಿಸೈನ್, ಆಮೇಲೆ ಅಡ್ಡ ಪಟ್ಟಿ, ಕೊನೆಗೆ ನಿಂತ ಸರಳುಗಳನ್ನು ಮೇಲಿಂದ ಕೆಳಕ್ಕೆ. ಒಂದು ಸರಳಿನ ನಾಲ್ಕೂ ಮುಖ ಮುಗಿಸಿಯೇ ಮುಂದಿನದಕ್ಕೆ ಹೋಗಿ, ಇಲ್ಲದಿದ್ದರೆ ಒಳಮುಖ ತಪ್ಪಿಹೋಗುತ್ತದೆ. ಹತ್ತು ನಿಮಿಷದ ಮೇಲೆ ವಾಪಸ್ ಬಂದು ಸರಳುಗಳು ಸೇರುವ ಕೆಳಮೂಲೆಗಳನ್ನು ಓರೆಗಣ್ಣಲ್ಲಿ ನೋಡಿ. ಪೇಂಟ್ ಇಳಿದು ಹನಿ ಕಟ್ಟುವುದು ಅಲ್ಲಿ. ಇನ್ನೂ ಹಸಿ ಇದ್ದರೆ ಒಣ ಬ್ರಷ್ ತುದಿಯಿಂದ ಎತ್ತಿಕೊಳ್ಳಿ. ಅಂಟು ಹಿಡಿದಿದ್ದರೆ ಮುಟ್ಟಬೇಡಿ. ಮೂರ್ನಾಲ್ಕು ದಿನ ಬಿಟ್ಟು ಬ್ಲೇಡಿನಿಂದ ಸೀಳಿ, ಉಜ್ಜಿ, ಆ ಕೋಟನ್ನು ಮತ್ತೆ ಮುಟ್ಟಿಸುವುದೇ ಸರಿ.

ಶೀಟ್ ಭಾಗಕ್ಕೆ ರೋಲರ್‌ನಲ್ಲಿ ಎರಡಡಿ ಅಗಲ ಉರುಳಿಸಿ, ಕೂಡಲೇ 2 ಇಂಚಿನ ಬ್ರಷ್‌ನ ತುದಿಯನ್ನು ಮೇಲಿಂದ ಕೆಳಗೆ ಹಗುರಾಗಿ ಸವರಿ. ರೋಲರ್‌ನ ಗುಳ್ಳೆಗಳು ಸತ್ತು ಸಮನಾಗುತ್ತದೆ. ಗ್ರಿಲ್‌ಗೆ ಸ್ಪ್ರೇ ಮಾಡಿಸುತ್ತೇವೆ ಅನ್ನುವವರಿಗೆ: ತೆರೆದ ಸರಳುಗಳ ನಡುವೆ ಹೆಚ್ಚಿನ ಪೇಂಟ್ ಗಾಳಿಗೆ ಹೋಗಿ ಪಕ್ಕದ ಮನೆಯವರ ಕಾರಿನ ಮೇಲೆ ಕೂರುತ್ತದೆ. ಗೇಟನ್ನು ಕಳಚಿ ವರ್ಕ್‌ಶಾಪ್‌ಗೆ ಒಯ್ದರೆ ಮಾತ್ರ ಸ್ಪ್ರೇ.

ಹಂತ 7: ಎರಡನೇ ಕೋಟ್

24 ಗಂಟೆ ಬಿಡಿ. 220 ವಾಟರ್ ಪೇಪರ್‌ನಲ್ಲಿ ಹೊಳಪು ಮುರಿಯುವಷ್ಟು ಉಜ್ಜಿ, ಒರೆಸಿ, ಒಣಗಿದ ಮೇಲೆ ಹೊಡೆಯಿರಿ. ಮೊದಲನೆಯದು ಒಳಗೆ ಹಸಿ ಇರುವಾಗಲೇ ಎರಡನೆಯದನ್ನು ದಪ್ಪಗೆ ಬಳಿದರೆ ಮುದುಕರ ಕೈಯಂತೆ ಸುಕ್ಕುಗಟ್ಟುತ್ತದೆ, ಅದಕ್ಕೆ ಪೂರಾ ಕಿತ್ತು ಮತ್ತೆ ಹೊಡೆಯುವುದೊಂದೇ ದಾರಿ. ಎರಡು ತೆಳು ಕೋಟ್ ಒಂದು ದಪ್ಪ ಕೋಟ್‌ಗಿಂತ ಯಾವಾಗಲೂ ಗಟ್ಟಿ. ಗೇಟಿನ ಭರ್ಜಿ ತುದಿಗಳಿಗೆ ಚಿನ್ನದ ಬಣ್ಣ ಬೇಕೇ ಬೇಕು ಎಂದಿದ್ದರೆ ಎಲ್ಲ ಒಣಗಿದ ಮೇಲೆ ಸಣ್ಣ ಬ್ರಷ್‌ನಲ್ಲಿ ಕೊಡಿ. ಬಿಸಿಲಿಗೆ ಮೊದಲು ಮಾಸುವುದು ಅದೇ, ಮೊದಲೇ ಹೇಳಿರುತ್ತೇವೆ.

ಹಂತ 8: ಗಟ್ಟಿಯಾಗುವ ತನಕ

ಮರುದಿನ ಮುಟ್ಟಬಹುದಾದರೂ ಎನಾಮಲ್ ಪೂರ್ತಿ ಗಟ್ಟಿಯಾಗಲು ಒಂದು ವಾರ. ಕಬ್ಬಿಣದ ಕಿಟಕಿ ರೆಕ್ಕೆಗಳನ್ನು ಮೊದಲ ದಿನ ಮುಚ್ಚಬೇಡಿ, ಅಂಟಿಕೊಂಡರೆ ತೆಗೆಯುವಾಗ ಪೇಂಟ್ ಕಿತ್ತು ಬರುತ್ತದೆ. ರಾತ್ರಿ ಮುಚ್ಚಲೇಬೇಕಾದರೆ ಸಂದಿಯಲ್ಲಿ ನಾಲ್ಕು ಬೆಂಕಿಕಡ್ಡಿ ಇಟ್ಟು ಒರಗಿಸಿ. ಗೇಟಿನ ಮೇಲಿನ ದೀಪವನ್ನು ಆ ಎರಡು ರಾತ್ರಿ ಆರಿಸಿಡಿ. ಬೆಳಕಿಗೆ ಬಂದ ರೆಕ್ಕೆಹುಳುಗಳೆಲ್ಲ ಹಸಿ ಬಣ್ಣದಲ್ಲಿ ಸಿಕ್ಕಿಕೊಳ್ಳುತ್ತವೆ. ಸಿಕ್ಕಿದ ಹುಳುವನ್ನು ಹಸಿಯಲ್ಲಿ ಕೀಳದೆ ಒಣಗಿದ ಮೇಲೆ ಉಜ್ಜಿದರೆ ಹೋಗುತ್ತದೆ. ಬೆಳಿಗ್ಗೆ ಹಾಲಿನವರು, ಪೇಪರ್‌ನವರು ಕೈ ಹಾಕುವ ಜಾಗದಲ್ಲಿ "ಹಸಿ ಪೇಂಟ್" ಎಂಬ ರಟ್ಟು ನೇತುಹಾಕಿ. ವಾರದ ಮೇಲೆ ಕೀಲು, ಚಿಲಕಕ್ಕೆ ಎರಡೆರಡು ಹನಿ ಎಣ್ಣೆ.

ಬ್ರಷ್, ಬಟ್ಟೆ, ಉಳಿದ ಪೇಂಟ್

ಎರಡು ಕೋಟ್‌ಗಳ ನಡುವೆ ಬ್ರಷ್ ತೊಳೆಯಬೇಕಾಗಿಲ್ಲ, ಪ್ಲಾಸ್ಟಿಕ್ ಕವರ್‌ನಲ್ಲಿ ಗಾಳಿಯಾಡದಂತೆ ಸುತ್ತಿಟ್ಟರೆ ಮರುದಿನಕ್ಕೆ ಮೆತ್ತಗೇ ಇರುತ್ತದೆ. ಮುಗಿದ ಮೇಲೆ ಎರಡು ಸಲ ಟರ್ಪೆಂಟೈನ್, ಆಮೇಲೆ ಸೋಪು ನೀರು. ಕೊಳೆಯಾದ ಟರ್ಪೆಂಟೈನನ್ನು ಚರಂಡಿಗೆ ಚೆಲ್ಲದೆ ಬಾಟಲಿಯಲ್ಲಿಡಿ; ಎರಡು ದಿನದಲ್ಲಿ ಮಡ್ಡಿ ತಳ ಸೇರಿ ಮೇಲಿನದು ಮತ್ತೆ ಬ್ರಷ್ ತೊಳೆಯಲು ಬರುತ್ತದೆ. ಎನಾಮಲ್, ಟರ್ಪೆಂಟೈನ್ ಹೀರಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಪೇಂಟ್‌ನ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಹೊರಹೋಗದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿ ಬಿಸಾಡಿ. ಡಬ್ಬಿ, ಬಾಟಲಿ ಯಾವುದೂ ಒಲೆ, ದೇವರ ದೀಪದ ಹತ್ತಿರ ಬೇಡ.

ಉಳಿದ ಎನಾಮಲ್‌ನಿಂದ 100 ಮಿ.ಲೀ.ಯಷ್ಟನ್ನು ಸಣ್ಣ ಗಾಜಿನ ಬಾಟಲಿಗೆ ಕಂಠದವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ, ಬಣ್ಣದ ಹೆಸರು, ನಂಬರ್, ತಿಂಗಳು ಬರೆದು ಅಂಟಿಸಿ. ಮೇಲೆ ಗಾಳಿ ಇಲ್ಲದಿದ್ದರೆ ಕೆನೆ ಕಟ್ಟುವುದಿಲ್ಲ. ವರ್ಷಕ್ಕೊಮ್ಮೆ, ಮೇ ತಿಂಗಳ ಮಳೆಗೆ ಮುಂಚೆ, ಗೇಟಿನ ತಳದ ಪಟ್ಟಿ, ಚಿಲಕ ಬಡಿಯುವ ಜಾಗ, ತೋರಣ ಕಟ್ಟಿದ ತಂತಿ ಕೊಯ್ದ ಗೆರೆಗಳನ್ನು ನೋಡಿಕೊಂಡು ಉಜ್ಜಿ, ಒಂದು ಚಮಚ ಪ್ರೈಮರ್, ಎರಡು ಚಮಚ ಎನಾಮಲ್ ಮುಟ್ಟಿಸಿ. ತೋರಣಕ್ಕೆ ಮುಂದಿನ ಸಲ ತಂತಿ ಬಿಟ್ಟು ದಾರ ಬಳಸಿ.